ಮೇಲಿಂಗ್ ಲಿಸ್ಟ್: ಸಬ್ಜೆಕ್ಟ್‌ನಲ್ಲಿ ಟ್ಯಾಗ್ ಇರಲಾ, ತೆಗೆಯಲಾ?

ಗುಂಪುಪಾಲಕ

ನಾನು ಒಂದು ಮೇಲಿಂಗ್ ಲಿಸ್ಟಿನ (ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಹೋಗುವ ಮೇಲ್ ಗುಂಪಿನ) ಅಡ್ಮಿನ್. ಲಿಸ್ಟ್ ನಡೆಸುವ ಸಾಫ್ಟ್‌ವೇರ್ ಮೇಲ್‌ಮ್ಯಾನ್ 2.1ರಲ್ಲಿ ನಡೆಯುತ್ತಿದೆ. ಶುರುವಿನಿಂದಲೂ ಪ್ರತಿ ಮೇಲಿನ ಸಬ್ಜೆಕ್ಟ್ ಮುಂದೆ ಚೌಕ ಬ್ರಾಕೆಟ್‌ನಲ್ಲಿ ಗುಂಪಿನ ಹೆಸರು ಬಂದು ಕೂರುತ್ತದೆ. ಈಗ ಕೆಲವರು ಅದನ್ನು ತೆಗೆಯಿರಿ ಅಂತ ಕೇಳುತ್ತಿದ್ದಾರೆ. ಹೆಸರು ಉದ್ದ, ಫೋನಿನಲ್ಲಿ ಅದೊಂದೇ ಕಾಣುತ್ತದೆ, ವಿಷಯ ಏನು ಅಂತ ತಿಳಿಯಲು ಮೇಲ್ ತೆರೆಯಲೇಬೇಕು ಅನ್ನೋದು ಅವರ ದೂರು. ಹಳಬರು ಒಪ್ಪುತ್ತಿಲ್ಲ. ಮೇಲನ್ನು ತಾನಾಗಿ ವಿಂಗಡಿಸುವ ಅವರ ಫಿಲ್ಟರ್‌ಗಳೆಲ್ಲ ಆ ಟ್ಯಾಗ್ ನಂಬಿಕೊಂಡೇ ಇವೆ.

ಇದು ಸಾಲದು ಅಂತ ಇನ್ನೊಂದು ಬೇಡಿಕೆ ಬಂದಿದೆ. ಬರೆಯುವವರೇ [ಪ್ರಶ್ನೆ], [ಪ್ರಕಟಣೆ], [ಹರಟೆ] ಅಂತ ಹಾಕುವುದನ್ನು ಕಡ್ಡಾಯ ಮಾಡಿ, ಬೇಡದ್ದನ್ನು ನಾವು ಫಿಲ್ಟರ್ ಮಾಡಿಕೊಳ್ಳುತ್ತೇವೆ ಅಂತ. ಲಿಸ್ಟ್ ನಡೆಸಿದವರು, ತುಂಬಾ ಲಿಸ್ಟ್ ಓದುವವರು ಏನಂತೀರಿ?

ಹಳೇಟಪಾಲು

ಎರಡನ್ನೂ ಬೇರೆ ಮಾಡಿ ನೋಡಿ. ಒಂದು, ಯಂತ್ರ ತಾನಾಗಿ ಹಾಕುವ ಗುಂಪಿನ ಹೆಸರು. ಇನ್ನೊಂದು, ಮನುಷ್ಯರು ಕೈಯಾರೆ ಹಾಕುವ ವಿಷಯದ ಗುರುತು. ಇವೆರಡನ್ನೂ ಟ್ಯಾಗ್ ಅಂತಲೇ ಕರೆಯುವುದರಿಂದ ಜಗಳ ಜಾಸ್ತಿ ಆಗುತ್ತದೆ.

ಮೊದಲನೆಯದನ್ನು ತೆಗೆಯಿರಿ. ಆ ಕೆಲಸಕ್ಕೆ ಅಂತಲೇ ಲಿಸ್ಟ್-ಐಡಿ ಅನ್ನೋ ಹೆಡರ್ (ಮೇಲಿನ ಜೊತೆ ಹೋಗುವ ಮಾಹಿತಿಯ ಸಾಲು) ಇದೆ. 2001ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 2919ರಲ್ಲಿ ಬಂದದ್ದು. ಪ್ರತಿ ಲಿಸ್ಟಿಗೂ ಒಂದು ಖಾಯಂ ಗುರುತು. ಲಿಸ್ಟ್ ಬೇರೆ ಸರ್ವರಿಗೆ ಹೋದರೂ ಅದು ಬದಲಾಗಬೇಕಿಲ್ಲ. ಅದಕ್ಕೂ ಮುಂಚೆ 1998ರ ಆರ್‌ಎಫ್‌ಸಿ 2369ರಲ್ಲಿ ಲಿಸ್ಟ್-ಪೋಸ್ಟ್, ಲಿಸ್ಟ್-ಆರ್ಕೈವ್, ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಹೆಡರ್‌ಗಳು ಬಂದಿದ್ದವು. ಮೇಲ್‌ಮ್ಯಾನ್ ಇವನ್ನೆಲ್ಲ ತಾನೇ ಸೇರಿಸುತ್ತದೆ. ನಿಮ್ಮ ಸದಸ್ಯರ ಪೆಟ್ಟಿಗೆಗೆ ಈಗಲೂ ಹೋಗುತ್ತಿವೆ, ಯಾರೂ ನೋಡುತ್ತಿಲ್ಲ ಅಷ್ಟೇ.

ಸಬ್ಜೆಕ್ಟ್ ಅನ್ನೋದು ಬರೆದವರ ಜಾಗ. ಅಲ್ಲಿ ಲಿಸ್ಟ್ ಸಾಫ್ಟ್‌ವೇರ್ ತನ್ನ ಬೋರ್ಡ್ ನೇತುಹಾಕಬಾರದು.

ಚೌಕಬ್ರಾಕೆಟ್

ಹೇಳೋದು ಸುಲಭ ಸ್ವಾಮಿ. ನಿಮ್ಮ ಲಿಸ್ಟ್-ಐಡಿ ಕಣ್ಣಿಗೆ ಕಾಣುತ್ತದೆಯೇ? ಎಲ್ಲರೂ ಫಿಲ್ಟರ್ ಹಾಕುವವರಲ್ಲ. ನನಗೆ ಎಲ್ಲವೂ ಇನ್‌ಬಾಕ್ಸ್‌ಗೇ ಬರಬೇಕು. ಫೋಲ್ಡರ್‌ಗೆ ಕಳಿಸಿದ ಮೇಲ್ ನಾನು ಓದುವುದೇ ಇಲ್ಲ. ಇನ್‌ಬಾಕ್ಸ್‌ನಲ್ಲಿ ಸುಮ್ನೆ ಕಣ್ಣಾಡಿಸುವಾಗ ಬ್ರಾಕೆಟ್ ಕಂಡರೆ ಇದು ಗುಂಪಿನದು, ಆಮೇಲೆ ಓದಿದರಾಯಿತು ಅಂತ ಗೊತ್ತಾಗುತ್ತದೆ. ಟ್ಯಾಗ್ ಇಲ್ಲದೆ 'ನಾಳೆಯ ಸಭೆ' ಅಂತ ಒಂದು ಮೇಲ್ ಬಂದರೆ? ನನ್ನ ಆಫೀಸಿನ ಸಭೆಯೋ ಗುಂಪಿನ ಸಭೆಯೋ?

ಫೋನ್‌ಓದುಗಿ

ಚೌಕಬ್ರಾಕೆಟ್ ಅವರೇ, ನೀವು ಹೇಳಿದ ಸಮಸ್ಯೆ ನಿಜ. ಆದರೆ ಪರಿಹಾರ ಟ್ಯಾಗ್ ಅಲ್ಲ, ಲೇಬಲ್. ಜಿಮೇಲ್‌ನಲ್ಲಿ ಮೇಲನ್ನು ಇನ್‌ಬಾಕ್ಸ್‌ನಲ್ಲೇ ಬಿಟ್ಟು, ಲೇಬಲ್ ಮಾತ್ರ ಅಂಟಿಸಬಹುದು. ಎಲ್ಲಿಗೂ ಕಳಿಸಬೇಕಿಲ್ಲ. ಬಣ್ಣ ಕೂಡ ಕೊಡಬಹುದು.

ಮಾಡುವುದು ಹೀಗೆ. ಕಂಪ್ಯೂಟರ್ ಬ್ರೌಸರ್‌ನಲ್ಲಿ ಗುಂಪಿನ ಒಂದು ಮೇಲ್ ತೆರೆಯಿರಿ. ಮೂರು ಚುಕ್ಕಿ ಒತ್ತಿ, ಇಂಥದೇ ಮೇಲ್‌ಗಳನ್ನು ಫಿಲ್ಟರ್ ಮಾಡು ಅನ್ನೋ ಆಯ್ಕೆ ಒತ್ತಿ. ಅದು ಲಿಸ್ಟಿನಿಂದ ಬಂದ ಮೇಲ್ ಆಗಿದ್ದರೆ ಜಿಮೇಲ್ ತಾನೇ ಲಿಸ್ಟ್-ಐಡಿ ಹಿಡಿದು ಷರತ್ತು ತುಂಬಿಕೊಡುತ್ತದೆ. ಫೋನ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ, ಅದು ದೊಡ್ಡ ಕಿರಿಕಿರಿ. ಆದರೆ ಒಂದು ಸಲ ಬ್ರೌಸರ್‌ನಲ್ಲಿ ಮಾಡಿದರೆ ಸಾಕು. ಕೆಲಸ ಸರ್ವರಿನಲ್ಲೇ ನಡೆಯುವುದರಿಂದ ಫೋನಿನಲ್ಲೂ ಲೇಬಲ್ ಕಾಣುತ್ತದೆ.

ಇನ್ನೊಂದು ಮಾತು. ಬ್ರಾಕೆಟ್ ನಂಬಿ ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿದವರು ಗಮನಿಸಿ. ಜಿಮೇಲ್ ಹುಡುಕಾಟ ಚೌಕ ಬ್ರಾಕೆಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. [ತೋಟ] ಅಂತ ಹಾಕಿದರೂ ಅದು ನೋಡುವುದು ತೋಟ ಅನ್ನೋ ಪದವನ್ನು. ಗೆಳೆಯರೊಬ್ಬರು ನಿಮ್ಮ ತೋಟ ಹೇಗಿದೆ ಅಂತ ಸಬ್ಜೆಕ್ಟ್ ಹಾಕಿ ಬರೆದರೆ ಅದೂ ಗುಂಪಿನ ಫೋಲ್ಡರ್‌ಗೆ ಹೋಗಿ ಸೇರುತ್ತದೆ.

ಚೌಕಬ್ರಾಕೆಟ್

ಓ, ಇದಕ್ಕೇನಾ ಹಿಂದೆ ನಾನು ಫಿಲ್ಟರ್ ಹಾಕಿದ್ದಾಗ ಏನೇನೋ ಮೇಲ್ ಆ ಫೋಲ್ಡರ್‌ನಲ್ಲಿ ಸಿಗುತ್ತಿದ್ದದ್ದು. ಸರಿ. ಆದರೂ ನನ್ನ ಮತ ಟ್ಯಾಗ್ ಕಡೆಗೇ. ಜಿಮೇಲ್ ಇಲ್ಲದವರ ಗತಿ?

ಸರ್ವರ್‌ಕೋಣೆ

ಕಂಪ್ಯೂಟರಿನ ಮೇಲ್ ಆ್ಯಪ್ ಥಂಡರ್‌ಬರ್ಡ್‌ನ ಫಿಲ್ಟರ್ ಕಿಟಕಿಯಲ್ಲಿ ಷರತ್ತಿನ ಪಟ್ಟಿಯ ಕೊನೆಗೆ ಹೋದರೆ ನಿಮ್ಮದೇ ಹೆಡರ್ ಸೇರಿಸುವ ಆಯ್ಕೆ ಇದೆ. ಲಿಸ್ಟ್-ಐಡಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಸೇರಿಸಿ. ಮ್ಯಾಕ್‌ನ ಆ್ಯಪಲ್ ಮೇಲ್‌ನಲ್ಲೂ ಹೀಗೇ. ಔಟ್‌ಲುಕ್ ನಿಯಮಗಳಲ್ಲಿ ಹೆಡರ್‌ನಲ್ಲಿ ಈ ಪದ ಇದ್ದರೆ ಅನ್ನೋ ಷರತ್ತು ಇದೆ. ಸ್ವಂತ ಮೇಲ್ ಸರ್ವರ್ ಇರುವವರಿಗೆ ಸೀವ್ ಅನ್ನೋ ಫಿಲ್ಟರ್ ಬರೆಯುವ ಭಾಷೆ ಇದೆ, ಅದರ ಈಗಿನ ನಿಯಮ 2008ರ ಆರ್‌ಎಫ್‌ಸಿ 5228. ಒಂದೇ ಸಾಲಿನ ಷರತ್ತು ಸಾಕು. ಥಂಡರ್‌ಬರ್ಡ್ ಫಿಲ್ಟರ್ ಅದು ತೆರೆದಿದ್ದಾಗ ಮಾತ್ರ ಓಡುತ್ತದೆ, ಸೀವ್ ಸರ್ವರಿನಲ್ಲಿ ಯಾವಾಗಲೂ ಓಡುತ್ತದೆ. ವ್ಯತ್ಯಾಸ ಅಷ್ಟೇ.

ಆದರೆ ಟ್ಯಾಗ್ ತೆಗೆಯಬೇಕು ಅನ್ನೋದಕ್ಕೆ ನನ್ನ ಕಾರಣ ಅಂದಚಂದದ್ದಲ್ಲ, ಮೇಲ್ ತಲುಪುವುದೇ ಇಲ್ಲ ಅನ್ನೋದು. ಇಲ್ಲಿ ಸ್ವಲ್ಪ ಉದ್ದ ಬರೆಯಬೇಕು, ಕ್ಷಮಿಸಿ.

ಡಿಕಿಮ್ ಅನ್ನೋದು ಕಳಿಸುವ ಡೊಮೇನ್ (ವಿಳಾಸದಲ್ಲಿ @ ಆದಮೇಲಿನ ಭಾಗ) ಹಾಕುವ ಡಿಜಿಟಲ್ ಸಹಿ. ಮೇಲಿನ ಒಡಲು ಮತ್ತು ಕೆಲವು ಹೆಡರ್‌ಗಳನ್ನು ಸೇರಿಸಿ ಸಹಿ ಹಾಕುತ್ತಾರೆ. ಆ ಹೆಡರ್‌ಗಳಲ್ಲಿ ಸಬ್ಜೆಕ್ಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಲಿಸ್ಟ್ ಮಧ್ಯೆ ಬಂದು ಸಬ್ಜೆಕ್ಟ್‌ಗೆ ಒಂದು ಬ್ರಾಕೆಟ್ ಸೇರಿಸಿದರೂ ಸಹಿ ಮುರಿಯಿತು. ಮೇಲ್ ಈಗ ಲಿಸ್ಟಿನ ಸರ್ವರಿನಿಂದ ಹೊರಡುವುದರಿಂದ ಎಸ್‌ಪಿಎಫ್ (ಡೊಮೇನ್ ಪರವಾಗಿ ಯಾವ ಸರ್ವರ್ ಕಳಿಸಬಹುದು ಅನ್ನೋ ಪರೀಕ್ಷೆ) ಕೂಡ ಬರೆದವರ ಡೊಮೇನ್‌ಗೆ ಹೊಂದುವುದಿಲ್ಲ. ಇವೆರಡರಲ್ಲಿ ಒಂದಾದರೂ ಬರೆದವರ ಡೊಮೇನ್‌ಗೆ ಹೊಂದಬೇಕು ಅನ್ನೋದು ಡಿಮಾರ್ಕ್ ಪರೀಕ್ಷೆ. ಎರಡೂ ಹೋದ ಮೇಲೆ ಅದು ಫೇಲ್. ಬರೆದವರ ಡೊಮೇನ್ 'ಫೇಲ್ ಆದದ್ದನ್ನು ತಿರಸ್ಕರಿಸಿ' ಅಂತ ಘೋಷಿಸಿದ್ದರೆ ಮೇಲ್ ವಾಪಸ್.

2014ರ ಏಪ್ರಿಲ್‌ನಲ್ಲಿ ಯಾಹೂ ಹಾಗೆ ಘೋಷಿಸಿತು. ಅದೇ ತಿಂಗಳು ಎಒಎಲ್ ಕೂಡ. ಲಿಸ್ಟ್ ನಡೆಸುವವರಿಗೆ ಅದು ಮರೆಯಲಾಗದ ತಿಂಗಳು. ಯಾಹೂ ಸದಸ್ಯರೊಬ್ಬರು ಲಿಸ್ಟಿಗೆ ಬರೆದರೆ ಬೇರೆ ಕಡೆ ಖಾತೆ ಇದ್ದವರ ಸರ್ವರ್‌ಗಳು ಅದನ್ನು ತಿರಸ್ಕರಿಸುತ್ತಿದ್ದವು. ಮೇಲ್‌ಮ್ಯಾನ್ ಏನು ತಿಳಿದುಕೊಳ್ಳುತ್ತದೆ? ಈ ವಿಳಾಸಗಳು ಕೆಟ್ಟಿವೆ, ಮೇಲ್ ಬೌನ್ಸ್ ಆಗುತ್ತಿದೆ ಅಂತ. ಹಾಗಾಗಿ ಬರೆದವರನ್ನು ಬಿಟ್ಟು, ಏನೂ ತಪ್ಪು ಮಾಡದ ಓದುಗರ ಸದಸ್ಯತ್ವವನ್ನೇ ತಡೆಹಿಡಿಯುತ್ತಿತ್ತು!

ಅದಕ್ಕೆ ಮೇಲ್‌ಮ್ಯಾನ್ 2.1.16 ಮತ್ತು 2.1.18ರಲ್ಲಿ ಸಿಕ್ಕ ದಾರಿ ಫ್ರಮ್ ವಿಳಾಸವನ್ನೇ ತಿದ್ದುವುದು. ಬರೆದವರ ವಿಳಾಸದ ಜಾಗದಲ್ಲಿ ಲಿಸ್ಟಿನ ವಿಳಾಸ. ಈಗ ಎಲ್ಲ ಮೇಲೂ ಒಂದೇ ವಿಳಾಸದಿಂದ ಬಂದ ಹಾಗೆ ಕಾಣುತ್ತದೆ. ಒಬ್ಬರಿಗೇ ಉತ್ತರ ಬರೆಯಲು ಹೋದವರದ್ದು ಇಡೀ ಗುಂಪಿಗೆ ಹೋಗುವ ಅಪಾಯವೂ ಇದೆ.

ಮೇಲನ್ನು ಮುಟ್ಟದೆ ದಾಟಿಸಿದರೆ ಈ ರಗಳೆ ಬಹುಪಾಲು ಇಲ್ಲ. ಸಹಿ ಹಾಗೇ ಉಳಿಯುತ್ತದೆ. ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುವವರ ಲಿಸ್ಟ್‌ಗಳು ಹೀಗೇ ನಡೆಯುತ್ತವೆ. ಸಬ್ಜೆಕ್ಟ್‌ಗೆ ಲಿಸ್ಟಿನ ಹೆಸರು ಇಲ್ಲ, ಕೆಳಗೆ ಅಡಿಟಿಪ್ಪಣಿ ಇಲ್ಲ.

ಗುಂಪುಪಾಲಕ

ಅಡಿಟಿಪ್ಪಣಿ ಅಂದಿರಲ್ಲ, ನಮ್ಮಲ್ಲಿ ಅದೂ ಇದೆ. ಲಿಸ್ಟ್ ಬಿಡುವುದು ಹೇಗೆ ಅಂತ ಮೂರು ಸಾಲು. ಟ್ಯಾಗ್ ಮಾತ್ರ ತೆಗೆದರೆ ಸಹಿ ಉಳಿಯುತ್ತದೆಯೇ?

ಸರ್ವರ್‌ಕೋಣೆ

ಇಲ್ಲ. ಒಡಲಿಗೆ ಒಂದು ಸಾಲು ಸೇರಿದರೂ ಸಹಿ ಹೋಗುತ್ತದೆ. ಟ್ಯಾಗ್ ತೆಗೆದು ಅಡಿಟಿಪ್ಪಣಿ ಉಳಿಸಿದರೆ ಜಗಳ ಆಡಿದ್ದಷ್ಟೇ ಬಂತು. ಎಚ್‌ಟಿಎಂಎಲ್ ಕಿತ್ತುಹಾಕುವ ಕಂಟೆಂಟ್ ಫಿಲ್ಟರ್ ಆನ್ ಇದ್ದರೆ ಅದನ್ನೂ ನಿಲ್ಲಿಸಬೇಕು. ಎಲ್ಲ ಒಟ್ಟಿಗೆ, ಇಲ್ಲವೇ ಯಾವುದೂ ಬೇಡ. ಇಷ್ಟಾದರೂ ಕೆಲವರದ್ದು ತಪ್ಪುತ್ತದೆ, ಯಾಕೆಂದರೆ ಕೆಲವು ಡೊಮೇನ್‌ಗಳು ಡಿಕಿಮ್ ಹಾಕುವುದೇ ಇಲ್ಲ. ಹಾಗಾಗಿ ಫ್ರಮ್ ತಿದ್ದುವ ಆಯ್ಕೆಯನ್ನು ಪೂರ್ತಿ ಕಿತ್ತೆಸೆಯುವ ಮುಂಚೆ ಸ್ವಲ್ಪ ದಿನ ಬೌನ್ಸ್ ವರದಿ ನೋಡಿ.

2019ರಲ್ಲಿ ಆರ್ಕ್ ಅಂತ ಒಂದು ಬಂತು, ಆರ್‌ಎಫ್‌ಸಿ 8617. ನಾನು ಮೇಲ್ ತೆಗೆದುಕೊಂಡಾಗ ಸಹಿ ಸರಿಯಿತ್ತು ಅಂತ ಮಧ್ಯದ ಸರ್ವರ್ ದಾಖಲಿಸುವ ವ್ಯವಸ್ಥೆ. ಆದರೆ ಆ ಮಾತನ್ನು ನಂಬುವುದು ಬಿಡುವುದು ತಲುಪುವ ಕಡೆಯವರ ಇಷ್ಟ. ಅದನ್ನೇ ನಂಬಿ ಕೂರಬೇಡಿ.

ಸುಮ್ನೆಓದುವೆ

ಯಾರೂ ಹೇಳದ ಒಂದು ಸಂಗತಿ ಇದೆ. ಟ್ಯಾಗ್ ಪರ ನಾನಿಲ್ಲ, ಆದರೆ ಇದನ್ನು ನೋಡದೆ ತೆಗೆದರೆ ಪೆಟ್ಟು ಬೀಳುತ್ತದೆ.

ಮೇಲ್‌ಮ್ಯಾನ್‌ನಲ್ಲಿ ಒಂದೇ ಮೇಲಿನ ಎರಡನೇ ಪ್ರತಿ ಬೇಡ ಅನ್ನೋ ಆಯ್ಕೆ ಇದೆ. ಯಾರಾದರೂ 'ಎಲ್ಲರಿಗೂ ಉತ್ತರಿಸು' ಒತ್ತಿದಾಗ ನಿಮ್ಮ ವಿಳಾಸ ಸಿಸಿಯಲ್ಲಿ ಇದ್ದರೆ, ನಿಮಗೆ ಹೇಗೂ ನೇರ ಪ್ರತಿ ಬರುತ್ತದಲ್ಲ ಅಂತ ಲಿಸ್ಟ್ ತನ್ನ ಪ್ರತಿ ಕಳಿಸುವುದಿಲ್ಲ. ನೇರವಾಗಿ ಬಂದದ್ದು ಲಿಸ್ಟ್ ಮೂಲಕ ಹಾದೇ ಇಲ್ಲ. ಅಂದಮೇಲೆ ಅದರಲ್ಲಿ ಲಿಸ್ಟ್-ಐಡಿ ಇರುವುದಿಲ್ಲ. ಫಿಲ್ಟರ್ ಹಿಡಿಯುವುದಿಲ್ಲ. ಒಂದೇ ಚರ್ಚೆಯ ಅರ್ಧ ಫೋಲ್ಡರ್‌ನಲ್ಲಿ, ಅರ್ಧ ಇನ್‌ಬಾಕ್ಸ್‌ನಲ್ಲಿ.

ಟ್ಯಾಗ್ ಇದ್ದಾಗ ಇದು ಗೊತ್ತಾಗುತ್ತಿರಲಿಲ್ಲ. ಉತ್ತರದ ಸಬ್ಜೆಕ್ಟ್‌ನಲ್ಲಿ ಹಳೇ ಟ್ಯಾಗ್ ಹಾಗೇ ಅಂಟಿಕೊಂಡು ಬರುತ್ತದಲ್ಲ, ಅದರ ಮೇಲೆ ಫಿಲ್ಟರ್ ಹಾಕಿದವರಿಗೆ ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಹಳಬರು ಗಲಾಟೆ ಮಾಡುವುದು ಬರೀ ಅಭ್ಯಾಸಕ್ಕಲ್ಲ.

ಹಳೇಟಪಾಲು

ಒಳ್ಳೆಯ ಮಾತು. ನನ್ನ ವಾದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆ ಆಯ್ಕೆಯನ್ನು ಆಫ್ ಮಾಡಿದರೆ ಲಿಸ್ಟ್ ಪ್ರತಿ ಯಾವಾಗಲೂ ಬರುತ್ತದೆ. ನೇರ ಪ್ರತಿಯೂ ಬರುತ್ತದೆ, ಅದನ್ನು ಅಳಿಸಿಕೊಳ್ಳಬೇಕು. ಇಲ್ಲವೇ ಫಿಲ್ಟರ್‌ನಲ್ಲಿ 'ಲಿಸ್ಟ್-ಐಡಿ ಇದ್ದರೆ, ಅಥವಾ ಟು ಇಲ್ಲವೇ ಸಿಸಿಯಲ್ಲಿ ಲಿಸ್ಟಿನ ವಿಳಾಸ ಇದ್ದರೆ' ಅಂತ ಎರಡನ್ನೂ ಕೂಡಿಸಿ. ಇದೇ ವಾಸಿ ಅನ್ನಿಸುತ್ತದೆ.

ಪ್ಯಾಚ್‌ಪ್ರಿಯ

ಲಿಸ್ಟ್‌ಸರ್ವ್ ಸಾಫ್ಟ್‌ವೇರ್‌ನಲ್ಲಿ ಇದನ್ನು ಸದಸ್ಯರಿಗೇ ಬಿಟ್ಟಿದ್ದಾರೆ. ಸಬ್ಜೆಕ್ಟ್‌ನಲ್ಲಿ ಹೆಸರು ಬೇಕಾದವರು ತಮ್ಮ ಮಟ್ಟಿಗೆ ಹಾಕಿಸಿಕೊಳ್ಳಬಹುದು, ಬೇಡದವರಿಗೆ ಬರುವುದಿಲ್ಲ. ಮೇಲ್‌ಮ್ಯಾನ್ 2.1ರಲ್ಲಿ ಮಾತ್ರ ಇಡೀ ಲಿಸ್ಟಿಗೆ ಒಂದೇ ಸೆಟ್ಟಿಂಗ್. ಈ ಜಗಳ ಎಲ್ಲ ಲಿಸ್ಟಿನಲ್ಲೂ ಮತ್ತೆ ಮತ್ತೆ ಬರುವುದಕ್ಕೆ ಅದೂ ಒಂದು ಕಾರಣ.

ಈಗ ಎರಡನೇ ಬೇಡಿಕೆ. [ಪ್ರಶ್ನೆ], [ಹರಟೆ] ಕಡ್ಡಾಯ ಮಾಡುವುದು. ಇದಕ್ಕೆ ನನ್ನ ವಿರೋಧ ಇನ್ನೂ ಗಟ್ಟಿ.

ಟ್ಯಾಗ್ ಎಲ್ಲಿ ಚೆನ್ನಾಗಿ ನಡೆಯುತ್ತದೆ ನೋಡಿ. ಕರ್ನಲ್ ಲಿಸ್ಟ್‌ಗಳಲ್ಲಿ ಪ್ರತಿ ಪ್ಯಾಚ್ (ಕೋಡಿನ ತಿದ್ದುಪಡಿ) ಮುಂದೆ ಬ್ರಾಕೆಟ್‌ನಲ್ಲಿ ಪ್ಯಾಚ್ ಅನ್ನೋ ಪದ, ಎಷ್ಟನೇ ಆವೃತ್ತಿ, ಏಳರಲ್ಲಿ ಮೂರನೆಯದು ಅನ್ನೋ ಲೆಕ್ಕ ಎಲ್ಲ ಇರುತ್ತದೆ. ಅದನ್ನು ಬರೆಯುವುದು ಗಿಟ್ ಅನ್ನೋ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್‌ನ ಫಾರ್ಮ್ಯಾಟ್-ಪ್ಯಾಚ್ ಆಜ್ಞೆ. ಆಮೇಲೆ ಪ್ಯಾಚ್ ಸೇರಿಸುವಾಗ ಆ ಬ್ರಾಕೆಟ್ಟನ್ನು ಕಿತ್ತುಹಾಕುವುದೂ ಗಿಟ್. ಯಂತ್ರ ಬರೆಯುತ್ತದೆ, ಯಂತ್ರ ಓದುತ್ತದೆ, ಆದ್ದರಿಂದ ಅಕ್ಷರ ತಪ್ಪುವುದಿಲ್ಲ. ಮನುಷ್ಯರ ಕೈಗೆ ಅದನ್ನು ಕೊಟ್ಟರೆ ಒಬ್ಬರು [ಪ್ರಶ್ನೆ], ಇನ್ನೊಬ್ಬರು [ಡೌಟ್], ಮತ್ತೊಬ್ಬರು [ಸಹಾಯ ಬೇಕು]. ಅದರಲ್ಲೂ ಕನ್ನಡದಲ್ಲಿ ಟೈಪ್ ಮಾಡುವಾಗ ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ಕೊನೆಗೆ ಕಾಣದ ಒಂದು ಅಕ್ಷರ ಸೇರಿಸಿರುತ್ತವೆ, ಜೀರೋ ವಿಡ್ತ್ ನಾನ್ ಜಾಯ್ನರ್. [ಡೌಟ್] ಅಂತ ಎರಡು ಮೇಲ್‌ನಲ್ಲಿ ಒಂದೇ ಥರ ಕಾಣುತ್ತದೆ, ಫಿಲ್ಟರ್ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಯಾಕೆ ಅಂತ ಹುಡುಕಿದರೆ ತಲೆ ಕೆಡುತ್ತದೆ.

ಸರ್ವರ್‌ಕೋಣೆ

ಅದಕ್ಕೆ ಇನ್ನೂ ಒಂದು ಸೇರಿಸುತ್ತೇನೆ. ಕನ್ನಡ ಸಬ್ಜೆಕ್ಟ್ ಹಾಗೇ ಹೋಗುವುದಿಲ್ಲ. 1996ರ ಆರ್‌ಎಫ್‌ಸಿ 2047ರ ಪ್ರಕಾರ ಅದನ್ನು ಇಂಗ್ಲಿಷ್ ಅಕ್ಷರಗಳಾಗಿ ಎನ್‌ಕೋಡ್ ಮಾಡಿ ಕಳಿಸುತ್ತಾರೆ. ಒಂದು ತುಂಡು 75 ಅಕ್ಷರ ಮೀರಬಾರದು. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅದನ್ನು ಬೇಸ್64 ಅನ್ನೋ ರೀತಿಯಲ್ಲಿ ಇಂಗ್ಲಿಷ್ ಅಕ್ಷರ ಮಾಡಿದರೆ 4 ಅಕ್ಷರ. ಮುಂದಿನ ಹಿಂದಿನ ಗುರುತುಗಳನ್ನು ಕಳೆದರೆ ಒಂದು ತುಂಡಿಗೆ 15 ಸಂಕೇತ ಮಾತ್ರ ಹಿಡಿಯುತ್ತದೆ. ಒತ್ತು, ಗುಣಿತ, ವಿರಾಮ ಎಲ್ಲ ಬೇರೆ ಬೇರೆ ಸಂಕೇತ. 'ಪ್ರಶ್ನೆ' ಒಂದೇ ಏಳು ತಿನ್ನುತ್ತದೆ.

ಪ್ರೋಕ್‌ಮೇಲ್ ಥರದ ಹಳೇ ಫಿಲ್ಟರ್ ಸಾಧನ ಈ ಎನ್‌ಕೋಡ್ ಆದ ಸಾಲನ್ನೇ ನೋಡುತ್ತದೆ. ಅದಕ್ಕೆ ಕನ್ನಡ ಟ್ಯಾಗ್ ಕಾಣುವುದೇ ಇಲ್ಲ. ಸೀವ್ ಬಿಡಿಸಿ ನೋಡುತ್ತದೆ, ಹಾಗಾಗಿ ಅಲ್ಲಿ ತೊಂದರೆ ಇಲ್ಲ.

ಫೋನ್‌ಓದುಗಿ

ಟ್ಯಾಗ್ ಸರಿಯಾಗಿ ಹಾಕಿದರೂ ಚರ್ಚೆ ಎಲ್ಲಿ ನಿಲ್ಲುತ್ತದೆ ಹೇಳಿ! [ಪ್ರಕಟಣೆ] ಅಂತ ಶುರುವಾಗುತ್ತದೆ. ನಾಲ್ಕನೇ ಉತ್ತರಕ್ಕೆ ಅದು ಪ್ರಶ್ನೆ, ಹತ್ತನೆಯದಕ್ಕೆ ಶುದ್ಧ ಹರಟೆ. ಟ್ಯಾಗ್ ಮಾತ್ರ ಪ್ರಕಟಣೆಯೇ. ಹರಟೆ ಬೇಡ ಅಂದವರಿಗೆ ಹರಟೆ ಬರುತ್ತದೆ.

ಮಧ್ಯದಲ್ಲಿ ಟ್ಯಾಗ್ ಬದಲಿಸಿ ಅಂತೀರಾ? ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಅದು ಹೊಸ ಸಂವಾದ ಆಗಿಬಿಡುತ್ತದೆ. ಹಿಂದಿನದೆಲ್ಲ ಬೇರೆ, ಇದೇ ಬೇರೆ.

ಹಳೇಟಪಾಲು

ಅದು ಜಿಮೇಲ್ ಸ್ವಭಾವ. ಹೆಡರ್‌ನಲ್ಲಿ ರೆಫರೆನ್ಸಸ್, ಇನ್-ರಿಪ್ಲೈ-ಟು ಅಂತ ಇರುವುದು ಯಾವ ಮೇಲ್ ಯಾವುದಕ್ಕೆ ಉತ್ತರ ಅಂತ ಹೇಳಲೇ. ಥಂಡರ್‌ಬರ್ಡ್, ಮಟ್ ಥರದ ಮೇಲ್ ಆ್ಯಪ್‌ಗಳು ಅದನ್ನು ನೋಡಿ ಜೋಡಿಸುತ್ತವೆ, ಸಬ್ಜೆಕ್ಟ್ ಬದಲಾದರೂ ಎಳೆ ತಪ್ಪುವುದಿಲ್ಲ. ಹಿಂದೆ ಯೂಸ್‌ನೆಟ್ ಅನ್ನೋ ಹಳೇ ಚರ್ಚಾ ಜಾಲದಲ್ಲಿ ಮಾತು ಬೇರೆ ಕಡೆ ಹೊರಳಿದರೆ ಹೊಸ ಸಬ್ಜೆಕ್ಟ್ ಬರೆದು ಪಕ್ಕದಲ್ಲಿ ಕಂಸದೊಳಗೆ ಹಳೆಯದನ್ನು ಹಾಕುತ್ತಿದ್ದರು. ಚೆಂದದ ರೂಢಿ. ಈಗ ಯಾರಿಗೆ ಹೇಳೋಣ?

ಕಡ್ಡಾಯ ಟ್ಯಾಗ್ ಬಗ್ಗೆ ಒಂದು ಅಡ್ಡಮಾತು. ಕ್ಯಾಲಿಫೋರ್ನಿಯಾದಲ್ಲಿ 1998ರ ಕಾನೂನು, ಕೇಳದೆ ಕಳಿಸುವ ಜಾಹೀರಾತು ಮೇಲಿನ ಸಬ್ಜೆಕ್ಟ್ ಎ-ಡಿ-ವಿ (ಜಾಹೀರಾತು ಅನ್ನೋದರ ಇಂಗ್ಲಿಷ್ ಚಿಕ್ಕರೂಪ) ಅಂತ ಶುರುವಾಗಬೇಕು ಅಂದಿತ್ತು. ಅಷ್ಟಾದರೆ ಒಂದೇ ಫಿಲ್ಟರ್ ಸಾಕಿತ್ತು ಅಲ್ವಾ? ಸ್ಪ್ಯಾಮ್ ಕಳಿಸುವವರು ಅದನ್ನು ಯಾಕೆ ಹಾಕುತ್ತಾರೆ! 2005ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಇಂಥ ಸಬ್ಜೆಕ್ಟ್ ಗುರುತು ಕಡ್ಡಾಯ ಮಾಡುವುದು ಬೇಡ ಅಂತಲೇ ವರದಿ ಕೊಟ್ಟಿತು. ಗುಂಪಿನಲ್ಲಿ ದುರುದ್ದೇಶ ಇರುವುದಿಲ್ಲ, ನಿಜ. ಆದರೆ ನಿಯಮ ಯಾರಿಗಾಗಿ ಮಾಡುತ್ತೀರೋ ಅವರೇ ಅದನ್ನು ಓದಿರುವುದಿಲ್ಲ.

ಚೌಕಬ್ರಾಕೆಟ್

ಎಲ್ಲವನ್ನೂ ಬೇಡ ಬೇಡ ಅಂದರೆ ಹೇಗೆ? [ಪ್ರಕಟಣೆ] ಒಂದಾದರೂ ಬೇಕು. ಅಡ್ಮಿನ್ ಒಬ್ಬರೇ ಹಾಕಲಿ. ವಾರಕ್ಕೊಮ್ಮೆ ಬರುವ ಮುಖ್ಯ ಮೇಲ್ ನೂರು ಉತ್ತರಗಳ ಮಧ್ಯೆ ಕಳೆದುಹೋಗಬಾರದು.

ಪ್ಯಾಚ್‌ಪ್ರಿಯ

ಇದಕ್ಕೆ ನನ್ನ ತಕರಾರಿಲ್ಲ. ಒಬ್ಬರೇ ಹಾಕುವುದರಿಂದ ಕಾಗುಣಿತ ಒಂದೇ ಇರುತ್ತದೆ. ಕಳಿಸುವ ಮುಂಚೆಯೇ ಬರೆಯುವುದರಿಂದ ಡಿಕಿಮ್ ಸಹಿಗೂ ಏನೂ ಆಗುವುದಿಲ್ಲ, ಟ್ಯಾಗ್ ಸೇರಿಸಿಯೇ ಸಹಿ ಬೀಳುತ್ತದೆ. ಇನ್ನೂ ಒಳ್ಳೆಯದು ಅಂದರೆ ಪ್ರಕಟಣೆಗೇ ಒಂದು ಬೇರೆ ಲಿಸ್ಟ್ ಮಾಡಿ, ಅಡ್ಮಿನ್ ಮಾತ್ರ ಬರೆಯುವಂಥದ್ದು. ಅದಕ್ಕೆ ಅದರದೇ ಲಿಸ್ಟ್-ಐಡಿ ಬರುತ್ತದೆ. ಹರಟೆ ಬೇಡದವರು ಅದೊಂದಕ್ಕೇ ಸೇರಲಿ, ಫಿಲ್ಟರಿನ ಮಾತೇ ಇಲ್ಲ.

ಮೇಲ್‌ಮ್ಯಾನ್ 2.1ರಲ್ಲಿ ಟಾಪಿಕ್ಸ್ ಅಂತ ಒಂದು ಸೌಲಭ್ಯವೂ ಇದೆ. ಸಬ್ಜೆಕ್ಟ್ ಮತ್ತು ಕೀವರ್ಡ್ಸ್ ಹೆಡರ್ ನೋಡಿ ಮೇಲ್ ವಿಂಗಡಿಸಿ, ಸದಸ್ಯರು ಆರಿಸಿಕೊಂಡ ವಿಷಯ ಮಾತ್ರ ಕಳಿಸುತ್ತದೆ. ಕೇಳಲು ಚೆನ್ನ. ಆದರೆ ಅದೂ ಜನ ಸರಿಯಾದ ಟ್ಯಾಗ್ ಹಾಕುತ್ತಾರೆ ಅಂತಲೇ ನಂಬುತ್ತದೆ. ಎರಡು ಲಿಸ್ಟ್ ಮಾಡುವುದೇ ಸರಿ.

ಗುಂಪುಪಾಲಕ

ಎಲ್ಲರಿಗೂ ಧನ್ಯವಾದ. ಹೀಗೆ ಮಾಡೋಣ ಅಂತಿದ್ದೇನೆ. ಮೊದಲು ಫಿಲ್ಟರ್ ಹಾಕುವ ವಿಧಾನವನ್ನು ಗುಂಪಿಗೆ ಕಳಿಸುತ್ತೇನೆ, ಟು-ಸಿಸಿ ಷರತ್ತನ್ನೂ ಸೇರಿಸಿ. ಜನ ಬದಲಿಸಿಕೊಳ್ಳಲು ಒಂದು ತಿಂಗಳು. ಆಮೇಲೆ ಟ್ಯಾಗ್, ಅಡಿಟಿಪ್ಪಣಿ, ಕಂಟೆಂಟ್ ಫಿಲ್ಟರ್ ಮೂರೂ ಒಂದೇ ದಿನ ಬಂದ್. ಪ್ರಕಟಣೆಗೆ ಬೇರೆ ಲಿಸ್ಟ್. [ಪ್ರಶ್ನೆ], [ಹರಟೆ] ಹಾಕಬೇಕಾದವರು ಹಾಕಿಕೊಳ್ಳಲಿ, ನಿಯಮ ಇಲ್ಲ.

ಒಂದು ಚಿಂತೆ ಉಳಿದಿದೆ. ಅಡಿಟಿಪ್ಪಣಿ ಹೋದರೆ ಲಿಸ್ಟ್ ಬಿಡುವುದು ಹೇಗೆ ಅಂತ ಗೊತ್ತಾಗದೆ ಜನ ಗುಂಪಿಗೇ 'ನನ್ನನ್ನು ತೆಗೆಯಿರಿ' ಅಂತ ಬರೆಯುತ್ತಾರೆ. ಈಗಲೇ ಬರೆಯುತ್ತಾರೆ!

ಸರ್ವರ್‌ಕೋಣೆ

ಈಗಲೇ ಬರೆಯುತ್ತಾರೆ ಅಂದಮೇಲೆ ಆ ಮೂರು ಸಾಲನ್ನು ಯಾರೂ ಓದುತ್ತಿಲ್ಲ ಅಂತಲೇ ಅರ್ಥ.

ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಹೆಡರ್ ಇದ್ದರೆ ಕೆಲವು ಮೇಲ್ ಆ್ಯಪ್‌ಗಳು ಕಳಿಸಿದವರ ಹೆಸರಿನ ಹತ್ತಿರವೇ ಬಿಡುವ ಬಟನ್ ತೋರಿಸುತ್ತವೆ. ಎಲ್ಲವೂ ತೋರಿಸುವುದಿಲ್ಲ. 2024ರಿಂದ ಗೂಗಲ್ ಮತ್ತು ಯಾಹೂ ಭಾರಿ ಪ್ರಮಾಣದಲ್ಲಿ ಪ್ರಚಾರ ಮೇಲ್ ಕಳಿಸುವವರಿಗೆ ಒಂದೇ ಒತ್ತಿನಲ್ಲಿ ಬಿಡುವ ಸೌಲಭ್ಯ ಇರಲೇಬೇಕು ಅಂದಿವೆ. ಗೂಗಲ್ ಲೆಕ್ಕದಲ್ಲಿ ಅಂದರೆ ದಿನಕ್ಕೆ 5,000ಕ್ಕಿಂತ ಜಾಸ್ತಿ. ನಿಮ್ಮ ಗುಂಪು ಅಲ್ಲಿಗೆ ಬರುವುದಿಲ್ಲ, ಆದರೆ ಜನರಿಗೆ ಆ ಬಟನ್ ಅಭ್ಯಾಸ ಆಗುತ್ತಿದೆ.

ಸೇರಿದ ದಿನ ಹೋಗುವ ಸ್ವಾಗತ ಮೇಲ್‌ನಲ್ಲಿ ಬಿಡುವ ವಿಧಾನ ಬರೆಯಿರಿ. ಮೇಲ್‌ಮ್ಯಾನ್‌ನಲ್ಲಿ ತಿಂಗಳಿಗೊಮ್ಮೆ ಹೋಗುವ ಪಾಸ್‌ವರ್ಡ್ ನೆನಪೋಲೆ ಆನ್ ಇದ್ದರೆ ಅದರಲ್ಲೂ ಕೊಂಡಿ ಇರುತ್ತದೆ. ಇಷ್ಟಾದರೂ ಗುಂಪಿಗೇ ಬರೆಯುವವರು ಇದ್ದೇ ಇರುತ್ತಾರೆ. ಅವರಿಗೆ ಫಿಲ್ಟರ್ ನಿಮ್ಮ ಕಡೆ ಹಾಕಿ: ಸಬ್ಜೆಕ್ಟ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಅಂತ ಇದ್ದ ಮೇಲ್ ಗುಂಪಿಗೆ ಹೋಗದೆ ನಿಮ್ಮ ಒಪ್ಪಿಗೆಗೆ ನಿಲ್ಲುವ ಹಾಗೆ. ಪ್ರೈವಸಿ ಆಯ್ಕೆಗಳ ಕೆಳಗೆ ಸ್ಪ್ಯಾಮ್ ಫಿಲ್ಟರ್ ಅಂತ ಇದೆ, ಅಲ್ಲಿ.

ಚೌಕಬ್ರಾಕೆಟ್

ನನ್ನ ಮತ ಇನ್ನೂ ಟ್ಯಾಗ್‌ಗೇ, ಬರೆದಿಟ್ಟುಕೊಳ್ಳಿ. ಹಾಗೇ, ಲೇಬಲ್‌ಗೆ ಬಣ್ಣ ಕೊಡುವುದು ಎಲ್ಲಿ? ಫೋನಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಫೋನ್‌ಓದುಗಿ

ಅದೂ ಬ್ರೌಸರ್‌ನಲ್ಲೇ. ಎಡಗಡೆ ಲೇಬಲ್ ಹೆಸರಿನ ಪಕ್ಕ ಮೌಸ್ ಇಟ್ಟರೆ ಮೂರು ಚುಕ್ಕಿ ಬರುತ್ತದೆ, ಒತ್ತಿದರೆ ಮೊದಲ ಸಾಲೇ ಬಣ್ಣ.